ಸ್ಟಾರ್ಟ್ ಆದ ಬೈಕ್ ಕೂಡಲೇ ನಿಲ್ಲುತ್ತಿದೆಯೇ? ಮೊದಲು ಗಡಿಯಾರ ನೋಡಿ

ಸ್ಟಾರ್ಟ್ ಆಗಲು ಒಲ್ಲದ ಬೈಕ್‌ಗಿಂತ ಸ್ಟಾರ್ಟ್ ಆಗಿ ನಿಂತುಬಿಡುವ ಬೈಕಿನ ರೋಗ ಪತ್ತೆಮಾಡುವುದು ಸುಲಭ. ಎಂಜಿನ್ ಅರ್ಧ ನಿಮಿಷವಾದರೂ ಓಡಿತೆಂದರೆ ಪೆಟ್ರೋಲ್, ಗಾಳಿ, ಕಿಡಿ ಮೂರೂ ಆ ಹೊತ್ತಿಗೆ ಅದಕ್ಕೆ ಸಿಕ್ಕಿದ್ದವು. ಆಮೇಲೆ ಅವುಗಳಲ್ಲೊಂದು ಕೈಕೊಟ್ಟಿತು. ಯಾವುದು ಕೈಕೊಟ್ಟಿತು ಎಂಬ ಸುಳಿವು, ಅದು ಎಷ್ಟು ಹೊತ್ತಿಗೆ ಮತ್ತು ಹೇಗೆ ನಿಂತಿತು ಎಂಬುದರಲ್ಲೇ ಇದೆ. ಹೊಸ ಪ್ಲಗ್, ಹೊಸ ಬ್ಯಾಟರಿ, ಹೊಸ ಕಾರ್ಬುರೇಟರ್ ಎಂದು ಊಹೆಯ ಮೇಲೆ ಬಿಡಿಭಾಗ ಬದಲಿಸುತ್ತಾ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಣ ಖಾಲಿಯಾಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ.

ಕೆಲಸ ಶುರುಮಾಡುವ ಮೊದಲು ಬೈಕನ್ನು ಬಯಲಿಗೆ ತನ್ನಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಪ್ರಾಣ ತೆಗೆಯುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸಮಯ ಗುರುತು ಹಾಕಿಕೊಳ್ಳಿ. ಚೋಕ್ ಬಿಟ್ಟ ಕೂಡಲೇ ನಿಂತಿತೇ? ಎರಡು ಮೂರು ನಿಮಿಷ ಚೆನ್ನಾಗಿ ಓಡಿ, ಉಸಿರು ಕಟ್ಟಿದಂತೆ ತಡವರಿಸಿ ನಿಂತಿತೇ? ಬಿಸಿಯಾದ ಮೇಲೆ ಯಾರೋ ಸ್ವಿಚ್ ಆರಿಸಿದಂತೆ ಥಟ್ಟನೆ ಸತ್ತಿತೇ? ಅಥವಾ ಗೇರ್ ಹಾಕಿದ ಕ್ಷಣದಲ್ಲೇ? ಎರಡು ಸಲ ಇದೇ ಪರೀಕ್ಷೆ ಮಾಡಿ, ಬರೆದಿಟ್ಟುಕೊಳ್ಳಿ.

ಗೇರ್ ಹಾಕಿದ ಕ್ಷಣದಲ್ಲೇ ಆದರೆ ಸೈಡ್ ಸ್ಟ್ಯಾಂಡ್ ಸ್ವಿಚ್ ನೋಡಿ. ಸ್ಟ್ಯಾಂಡ್ ಇಳಿದಿರುವಾಗ ಗೇರ್ ಹಾಕಿದರೆ ಎಂಜಿನ್ ಆರುವ ವ್ಯವಸ್ಥೆ ಅನೇಕ ಬೈಕ್‌ಗಳಲ್ಲಿದೆ. ಕೆಸರು ಮೆತ್ತಿಕೊಂಡರೆ ಸ್ಟ್ಯಾಂಡ್ ಮೇಲೆತ್ತಿದ್ದರೂ ಇಳಿದಿದೆ ಎಂದೇ ಸ್ವಿಚ್ ಹೇಳುತ್ತಿರುತ್ತದೆ. ತೊಳೆದು ಒಣಗಿಸಿದರೆ ಬಹುತೇಕ ಸರಿಹೋಗುತ್ತದೆ.

ಉಸಿರು ಕಟ್ಟಿದಂತೆ ನಿಂತರೆ

ನನ್ನ ಹಳೆಯ ಬೈಕ್ ಒಮ್ಮೆ ಹೀಗೇ ಕಾಡಿತ್ತು. ತೊಳೆದು ಹೊಳಪು ಹಚ್ಚಿದ ಮರುದಿನದಿಂದ ಸ್ವಲ್ಪ ದೂರ ಓಡಿ ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್‌ಗೆ ಕಳಿಸುವ ಕಾರ್ಬುರೇಟರನ್ನು ಎರಡು ಸಲ ಬಿಚ್ಚಿದ ಮೇಲೆ ಗೊತ್ತಾಯಿತು: ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿರಂಧ್ರವನ್ನು ಹೊಳಪಿನ ಮೇಣ ಮುಚ್ಚಿತ್ತು. ಪೆಟ್ರೋಲ್ ಕೆಳಗಿಳಿದಷ್ಟೂ ಗಾಳಿ ಒಳಹೋಗಬೇಕು. ಹೋಗದಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಆದ್ದರಿಂದ ಬೈಕ್ ನಿಂತ ಕೂಡಲೇ ಮುಚ್ಚಳ ತೆರೆಯಿರಿ. ಗಾಳಿ ಒಳನುಗ್ಗುವ ‘ಸುಯ್’ ಸದ್ದು ಕೇಳಿಸಿ, ಆಮೇಲೆ ಎಂಜಿನ್ ನಿರಾಯಾಸವಾಗಿ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ.

ಮುಚ್ಚಳ ಸರಿಯಿದ್ದರೆ ಪೆಟ್ರೋಲ್ ಇಳಿಯುವ ದಾರಿಯನ್ನು ಹಿಡಿಯಿರಿ. ಕಾರ್ಬುರೇಟರ್ ತಳದ ಪುಟ್ಟ ಬಟ್ಟಲಿನಲ್ಲಿ ಸ್ವಲ್ಪ ಪೆಟ್ರೋಲ್ ಸದಾ ಸಂಗ್ರಹವಾಗಿರುತ್ತದೆ. ಕಾಕ್ (ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ನಲ್ಲಿ) ಮುಚ್ಚಿದ್ದರೂ ಎಂಜಿನ್ ಅಷ್ಟರಲ್ಲೇ ಒಂದೆರಡು ನಿಮಿಷ ಓಡಿಬಿಡುತ್ತದೆ. ಹಾಗಾಗಿ ಕಾಕ್ ತೆರೆದಿದೆಯೇ, ಟ್ಯಾಂಕ್ ರಿಸರ್ವ್‌ಗೆ ಬಂದಿದೆಯೇ ಎಂದು ಮೊದಲು ನೋಡಿ. ನಂತರ, ಎಂಜಿನ್ ತಣ್ಣಗಾದ ಮೇಲೆ, ಕೊಳವೆಯನ್ನು ಕಾರ್ಬುರೇಟರ್‌ನಿಂದ ಕಳಚಿ ಬಾಟಲಿಗೆ ಹಿಡಿದು ಕಾಕ್ ತೆರೆಯಿರಿ. ಧಾರೆ ಒಂದೇ ಸಮನೆ ಬೀಳಬೇಕು. ಮೊದಲು ಜೋರಾಗಿ ಬಂದು ಆಮೇಲೆ ತೊಟ್ಟಿಕ್ಕಿದರೆ ಕಾಕ್‌ನ ಜಾಲರಿಯಲ್ಲೋ ಫಿಲ್ಟರ್‌ನಲ್ಲೋ ತುಕ್ಕು, ಕಸ ಕಟ್ಟಿಕೊಂಡಿದೆ. ಎಂಜಿನ್ ಓಡುವಾಗ ಮಾತ್ರ ಪೆಟ್ರೋಲ್ ಬಿಡುವ ಕಾಕ್ ಇದ್ದರೆ ಅದನ್ನು ‘ಪ್ರೈಮ್’ ಸ್ಥಾನಕ್ಕೆ ತಿರುಗಿಸಿ ನೋಡಬೇಕು. ಹತ್ತಿರದಲ್ಲಿ ಬೆಂಕಿ, ಬೀಡಿ ಸಿಗರೇಟು ಇರಕೂಡದು. ಎಂಜಿನ್ ತಣ್ಣಗಾಗುವವರೆಗೆ ಕಾಯಿರಿ ಎಂದದ್ದೂ ಇದಕ್ಕಾಗಿಯೇ.

ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ಒಳಗಿನದನ್ನು ಗಾಜಿನ ಲೋಟಕ್ಕೆ ಬಸಿಯಿರಿ. ಪೆಟ್ರೋಲಿಗಿಂತ ನೀರು ಭಾರ; ಸೇರಿದ್ದರೆ ತಳದಲ್ಲಿ ಗುಂಡಗಿನ ಹನಿಗಳಾಗಿ ಕಾಣುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರುತ್ತದೆ, ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ಇದು ದೊಡ್ಡ ತಲೆನೋವು. ನೀರು ಕಂಡರೆ ಟ್ಯಾಂಕನ್ನೂ ಖಾಲಿಮಾಡಿ ಹೊಸ ಪೆಟ್ರೋಲ್ ತುಂಬಿಸಿ.

ಚೋಕ್ ಬಿಟ್ಟ ಕೂಡಲೇ ನಿಂತರೆ

ಚೋಕ್ ಎಳೆದಾಗ ಎಂಜಿನ್‌ಗೆ ಹೋಗುವ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಂಜಿನ್ ಬಿಸಿಯಾದ ಮೇಲೂ ಚೋಕ್ ಇದ್ದರೆ ಮಾತ್ರ ಓಡುತ್ತದೆ ಎಂದಾದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಹೆಚ್ಚಿನ ಗಾಳಿ ನುಸುಳುತ್ತಿದೆ. ಐಡ್ಲಿಂಗ್ ವೇಗ (ಥ್ರಾಟಲ್ ತಿರುಗಿಸದಿರುವಾಗ ಎಂಜಿನ್ ಓಡುವ ವೇಗ) ತೀರಾ ಕಡಿಮೆ ಇದೆಯೇ ನೋಡಿ. ಅನೇಕ ಬೈಕ್‌ಗಳಲ್ಲಿ ಅದು ನಿಮಿಷಕ್ಕೆ 1,200ರಿಂದ 1,500 ಸುತ್ತು; ನಿಮ್ಮ ಬೈಕಿನ ಕೈಪಿಡಿ ಹೇಳುವುದೇ ಅಂತಿಮ. ಆಮೇಲೆ ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಜೋಡಣೆಯ ಮೇಲೆ, ಎಂಜಿನ್ ಓಡುತ್ತಿರುವಾಗ, ಸೋಪಿನ ನೀರನ್ನು ಸ್ವಲ್ಪವೇ ಸಿಂಪಡಿಸಿ. ಸದ್ದು ಬದಲಾದರೆ ಅಲ್ಲಿ ಬಿರುಕಿದೆ. ಇದಕ್ಕೆ ಪೆಟ್ರೋಲನ್ನೋ ಕ್ಲೀನರ್ ಸ್ಪ್ರೇಯನ್ನೋ ಬಳಸುವವರಿದ್ದಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುವಾಗ ಆ ಅಪಾಯ ಬೇಡ.

ಎರಡೂ ಅಲ್ಲದಿದ್ದರೆ ಉಳಿಯುವುದು ಪೈಲಟ್ ಜೆಟ್, ಅಂದರೆ ಐಡ್ಲಿಂಗ್ ಹೊತ್ತಿನಲ್ಲಿ ಪೆಟ್ರೋಲ್ ಬಿಡುವ, ಕಾರ್ಬುರೇಟರ್ ಒಳಗಿನ ಪುಟ್ಟ ಹಿತ್ತಾಳೆಯ ಭಾಗ. ಅದರ ರಂಧ್ರ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ಗಿಂತಲೂ ಕಿರಿದು. ಒಣಗಿದ ಪೆಟ್ರೋಲಿನ ಅಂಟು ಅದನ್ನು ಸುಲಭವಾಗಿ ಮುಚ್ಚುತ್ತದೆ. ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹಾಯಿಸಿ, ಬೆಳಕಿಗೆ ಹಿಡಿದು ಪಾರಾಗಿ ಕಾಣುತ್ತದೆಯೇ ನೋಡಿ. ಉಕ್ಕಿನ ತಂತಿ ತೂರಿಸಬೇಡಿ. ಹಿತ್ತಾಳೆಯ ರಂಧ್ರ ಹಿಗ್ಗಿದರೆ ಜೆಟ್ ಕೆಟ್ಟಂತೆಯೇ.

ಇದಕ್ಕೆ ತದ್ವಿರುದ್ಧವಾಗಿ ಕಪ್ಪು ಹೊಗೆ ಬಂದು, ಪ್ಲಗ್ ಮಸಿ ಹಿಡಿದು ನಿಲ್ಲುತ್ತಿದ್ದರೆ ಪೆಟ್ರೋಲ್ ಅತಿಯಾಗಿದೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಿರಬಹುದು, ಚೋಕ್ ಕೇಬಲ್ ಸಿಕ್ಕಿಕೊಂಡಿರಬಹುದು.

ಬಿಸಿಯಾಗಿ ಥಟ್ಟನೆ ನಿಂತರೆ

ಇದು ಹೆಚ್ಚಾಗಿ ಕಿಡಿಯ ಸಮಸ್ಯೆ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್‌ನೊಳಗಿನ ಸಣ್ಣ ದೋಷ ಬಿಸಿಯಾದಾಗ ಮಾತ್ರ ಹೊರಬೀಳುತ್ತದೆ, ತಣ್ಣಗಾದರೆ ಮಾಯ. ಅದಕ್ಕೇ ಮೆಕ್ಯಾನಿಕ್ ಬಳಿ ಒಯ್ಯುವಷ್ಟರಲ್ಲಿ ಬೈಕ್ ಸರಿಯಾಗಿಯೇ ಓಡುತ್ತಿರುತ್ತದೆ. ನಿಂತ ಕ್ಷಣದಲ್ಲೇ ಪರೀಕ್ಷಿಸಬೇಕು. ಎಂಜಿನ್‌ನಲ್ಲಿರುವ ಪ್ಲಗ್ ಬಿಚ್ಚಬೇಡಿ. ಬೇರೊಂದು ಒಳ್ಳೆಯ ಪ್ಲಗ್ಗನ್ನು ಪ್ಲಗ್ ವೈರಿನ ತುದಿಯ ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್‌ಗೆ ತಾಗುವಂತೆ ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದು ಸೆಲ್ಫ್ ಒತ್ತಿಸಿ. ನೀಲಿ ಕಿಡಿ ಚಟಚಟನೆ ಹಾರಬೇಕು. ಹಾರದಿದ್ದರೆ ಕ್ಯಾಪ್, ವೈರ್, ಕಾಯಿಲ್ ಈ ಕ್ರಮದಲ್ಲಿ ನೋಡುತ್ತಾ ಹೋಗಿ. ಕಿಡಿ ಚೆನ್ನಾಗಿದ್ದೂ ಬಿಸಿಯಾದಾಗ ಐಡ್ಲಿಂಗ್‌ನಲ್ಲೇ ನಿಲ್ಲುತ್ತಿದ್ದರೆ ವಾಲ್ವ್‌ಗಳ ಅಂತರ ತೀರಾ ಬಿಗಿಯಾಗಿರಬಹುದು. ಅದನ್ನು ಅನುಭವಿಗಳಿಂದಲೇ ಮಾಡಿಸಿ.

ಫ್ಯುಯೆಲ್ ಇಂಜೆಕ್ಷನ್ ಇರುವ ಬೈಕ್‌ನಲ್ಲಿ ಕಾಕ್, ಜೆಟ್‌ಗಳ ಮಾತೇ ಇಲ್ಲ. ಕೀ ತಿರುಗಿಸಿದಾಗ ಪಂಪ್ ಎರಡು ಮೂರು ಸೆಕೆಂಡ್ ಗುಂಯ್‌ಗುಟ್ಟುವುದು ಕೇಳಬೇಕು. ಎಂಜಿನ್ ಓಡುವಾಗಲೂ ಎಚ್ಚರಿಕೆಯ ದೀಪ ಆರದಿದ್ದರೆ ಅದು ಹೇಳುವ ಕೋಡ್ ಓದಿಸಿ. ಬ್ಯಾಟರಿ ವೋಲ್ಟೇಜ್ ಅಳೆಯಿರಿ: ವಿಶ್ರಾಂತಿಯಲ್ಲಿ ಸುಮಾರು 12.6, ಎಂಜಿನ್ ವೇಗ ಏರಿಸಿದಾಗ 13.5ರಿಂದ 14.5ರ ನಡುವೆ ಇರಬೇಕು. ಏರದೇ ಉಳಿದರೆ ಚಾರ್ಜಿಂಗ್ ಆಗುತ್ತಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ತಣ್ಣನೆಯ ಎಂಜಿನ್‌ನಿಂದ ಸಮಯ ನೋಡಿ. ಇನ್ನು ಕಾರ್ಬುರೇಟರ್ ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸಿಡುವುದಿದ್ದರೆ, ಕಾಕ್ ಮುಚ್ಚಿ ಎಂಜಿನ್ ತಾನಾಗಿಯೇ ಆರುವವರೆಗೆ ಓಡಲು ಬಿಡಿ. ಬಟ್ಟಲಿನ ತಳದಲ್ಲಿ ಉಳಿದ ಚೂರನ್ನು ಸ್ಕ್ರೂ ಸಡಿಲಿಸಿ ಬಸಿದುಬಿಡಿ.