ಹೊಟ್ಟಿನ ಬೂದಿ ಮತ್ತು 31 ಸೈಟೇಶನ್

ಬಡ್ತಿಯ ಅರ್ಜಿಯಲ್ಲಿ ಒಟ್ಟು ಸೈಟೇಶನ್ (ನನ್ನ ಪೇಪರುಗಳನ್ನು ಬೇರೆ ಪೇಪರುಗಳಲ್ಲಿ ಉಲ್ಲೇಖಿಸಿದ್ದು) ಎಷ್ಟು, ಎಚ್-ಇಂಡೆಕ್ಸ್ ಎಷ್ಟು ಅಂತ ಬರೆಯಬೇಕಿತ್ತು. ಇವನ್ನು ಎಣಿಸಿ ತೋರಿಸುವ ಗೂಗಲ್ ಸ್ಕಾಲರ್ ತೆರೆದೆ. ಎಚ್-ಇಂಡೆಕ್ಸ್ 3 ಎಂದು ತೋರಿಸಿತು. ಗಂಗಾವತಿಯ ಕಾಲೇಜಿನಲ್ಲಿ ಪಾಠ ಮುಗಿಸಿ, ಸಂಜೆ ಲ್ಯಾಬಿನಲ್ಲಿ ಕೂತು ಮಾಡಿದ ಹನ್ನೊಂದು ವರ್ಷದ ಕೆಲಸ ಅದು. ನಿಜವಾಗಿಯೂ ನೋವಾಯಿತು.

ಎಚ್-ಇಂಡೆಕ್ಸ್ ಲೆಕ್ಕ ಕಷ್ಟವೇನಲ್ಲ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ್ದು. ಜಾಸ್ತಿ ಸೈಟೇಶನ್ ಇರುವ ಪೇಪರ್‌ನಿಂದ ಶುರು ಮಾಡಿ ಕೆಳಗೆ ಬರೆಯುತ್ತಾ ಹೋಗಬೇಕು. ಪೇಪರಿನ ಕ್ರಮಸಂಖ್ಯೆಯಷ್ಟಾದರೂ ಸೈಟೇಶನ್ ಇರುವ ಕೊನೆಯ ಸ್ಥಾನವೇ ಎಚ್-ಇಂಡೆಕ್ಸ್. ನನ್ನ ಪಟ್ಟಿ 17, 9, 4, 3 ಎಂದಿತ್ತು. ಮೂರನೆಯದಕ್ಕೆ ಕನಿಷ್ಠ ಮೂರು ಇದೆ, ನಾಲ್ಕನೆಯದಕ್ಕೆ ನಾಲ್ಕಿಲ್ಲ. ಹಾಗಾಗಿ 3.

ಆದರೆ ಕೆಲವು ಪೇಪರ್ ಪಟ್ಟಿಯಲ್ಲೇ ಇರಲಿಲ್ಲ. ನಮ್ಮ ಹೆಸರುಗಳ ಪಾಡು ಗೊತ್ತಲ್ವಾ? ಒಂದರಲ್ಲಿ ಅಪ್ಪನ ಹೆಸರಿನ ಅಕ್ಷರ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಊರಿನ ಅಕ್ಷರವೂ ಸೇರಿದೆ. ಬಸವರಾಜ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೊಂದು 'ಎ' ಹಾಕಿದರೆ ಒಬ್ಬ, ಬಿಟ್ಟರೆ ಇನ್ನೊಬ್ಬ. ಬೇರೆ ಹೆಸರಿನಲ್ಲಿ ಕೂತಿದ್ದ ಮೂರು ಪೇಪರ್ ನನ್ನ ಖಾತೆಗೆ ಸೇರಿಸಿದೆ. ಭತ್ತದ ಹೊಟ್ಟಿನ ಬೂದಿಯ ಬಗ್ಗೆ ಬರೆದ ಪೇಪರ್ ಎರಡು ಕಡೆ ಒಡೆದು, 17 ಮತ್ತು 14 ಆಗಿತ್ತು. ಎರಡನ್ನೂ ಕೂಡಿಸಿದೆ. ಪಟ್ಟಿ 31, 11, 9, 7, 5, 4, 3 ಎಂದಾಯಿತು. ಎಚ್-ಇಂಡೆಕ್ಸ್ 5. ಅದೇ ದಿನ ಸಂಶೋಧಕರಿಗೆ ಗುರುತಿನ ಸಂಖ್ಯೆ ಕೊಡುವ ತಾಣವಾದ ಆರ್ಕಿಡ್‌ನಲ್ಲಿ 16 ಅಂಕಿಯ ಗುರುತು ಪಡೆದೆ. ಹೆಸರು ಹೇಗೇ ಅಚ್ಚಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಮೊದಲ ಪೇಪರ್ ಕಳಿಸುವ ಮುಂಚೆಯೇ ಇದನ್ನು ಮಾಡಿಕೊಳ್ಳಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಅಲ್ಲಿಗೆ ಬಿಡಬಹುದಿತ್ತು. ಆದರೆ ಆ 31 ಜನ ನನ್ನ ಪೇಪರ್‌ನಿಂದ ಏನು ತಗೊಂಡರು ಅಂತ ನೋಡುವ ಆಸೆಯಾಯಿತು. ಒಂದೊಂದನ್ನೇ ಓದಿದೆ. ಐದು ನಾನೇ ಬರೆದವು. ಹೆಚ್ಚಿನವರು ಸುಮ್ನೆ 'ಭತ್ತದ ಹೊಟ್ಟಿನಲ್ಲಿ ಸಿಲಿಕಾ ಇದೆ' (ಸಿಲಿಕಾ ಅಂದರೆ ಮರಳಿನಲ್ಲಿರುವ ವಸ್ತು) ಎಂಬ ಒಂದು ಸಾಲಿಗೆ ನನ್ನ ಹೆಸರು ಹಾಕಿದ್ದರು. ನಾಲ್ಕು ಗುಂಪಿನವರು ಮಾತ್ರ ನನ್ನ ರೀತಿಯಲ್ಲೇ ಹೊಟ್ಟು ಸುಟ್ಟು ನೋಡಿದ್ದರು. ನನಗೆ ಆ ನಾಲ್ಕೇ ದೊಡ್ಡವು.

ಆ ಕೆಲಸ ಶುರುವಾದದ್ದು ಇಲ್ಲಿನ ರೈಸ್ ಮಿಲ್ಲಿನ ಹಿತ್ತಲಲ್ಲಿ. ನೂರು ಕೆಜಿ ಭತ್ತಕ್ಕೆ ಸುಮಾರು 20 ಕೆಜಿ ಹೊಟ್ಟು. ಅದನ್ನು ಸುಟ್ಟರೆ ನಾಲ್ಕು ಕೆಜಿಯಷ್ಟು ಬೂದಿ, ಅದರಲ್ಲಿ ಬಹುಪಾಲು ಸಿಲಿಕಾ. "ಎಷ್ಟು ಬೇಕಾದ್ರೂ ಒಯ್ರಿ ಸರ, ನಮಗ ಇದೊಂದು ಕಾಟ ಆಗೇತಿ" ಎಂದಿದ್ದರು ಮಿಲ್ಲಿನವರು. ಬಾಯ್ಲರ್ ಬೂದಿ ಕಪ್ಪಗಿತ್ತು. ಜಾಸ್ತಿ ಕಾವು ತಿಂದು ಸಿಲಿಕಾ ಹರಳುಗಟ್ಟಿತ್ತು. ನನಗೆ ಬೇಕಿದ್ದದ್ದು ಹರಳುಗಟ್ಟದ್ದು, ಸಿಮೆಂಟಿನ ಸುಣ್ಣದ ಜೊತೆ ಚೆನ್ನಾಗಿ ಬೆರೆತು ಗಟ್ಟಿಯಾಗುವಂಥದ್ದು. ಹಾಗಾಗಿ ಹಸಿ ಹೊಟ್ಟನ್ನೇ ತಂದು ಫರ್ನೇಸಿನಲ್ಲಿ 600 ಡಿಗ್ರಿಗೆ ಸುಟ್ಟೆ. ಆಗಲೂ ಕರಿ ಚುಕ್ಕೆ ಉಳಿದವು. ಹೊಟ್ಟಿನಲ್ಲಿರುವ ಪೊಟ್ಯಾಸಿಯಂ ಸಿಲಿಕಾವನ್ನು ಕರಗಿಸಿ, ಇಂಗಾಲವನ್ನು ಒಳಗೇ ಹಿಡಿದಿಡುತ್ತದೆ. ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕುದಿಸಿ, ತೊಳೆದು, ಒಣಗಿಸಿ ಸುಟ್ಟಾಗ ಬೂದಿ ಬೆಳ್ಳಗೆ ಬಂತು. ಬೆರಳಲ್ಲಿ ತಿಕ್ಕಿದರೆ ಪೌಡರಿನ ಹಾಗೆ ಜಾರುತ್ತಿತ್ತು. ಬೆಂಗಳೂರಿಗೆ ಒಯ್ದು, ಹರಳುಗಟ್ಟಿದೆಯೋ ಇಲ್ಲವೋ ಎಂದು ಎಕ್ಸ್-ಕಿರಣದಿಂದ ನೋಡುವ ಪರೀಕ್ಷೆ, ಅಂದರೆ ಎಕ್ಸ್‌ಆರ್‌ಡಿ ಮಾಡಿಸಿದೆ. 22 ಡಿಗ್ರಿ ಕೋನದ ಹತ್ತಿರ ಚೂಪಾದ ಗೆರೆ ಇಲ್ಲ, ಅಗಲವಾದ ಉಬ್ಬು ಮಾತ್ರ. ಅಂದರೆ ಹರಳುಗಟ್ಟಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ರಾತ್ರಿಯಿಡೀ ಆ ಹಾಳೆಯನ್ನು ತೆಗೆದು ತೆಗೆದು ನೋಡಿದ್ದೆ.

ಆಸಿಡ್ ಹಾಕದೆ ಕೆಟ್ಟ ಸ್ಯಾಂಪಲ್ಲಿನ ವಿವರವನ್ನೂ ಪೇಪರ್‌ನಲ್ಲಿ ಬರೆದೆ. ಬೇಡ ಎಂದವರಿದ್ದರು. ಅಳತೆಯ ಫೈಲುಗಳನ್ನು ಸಂಶೋಧನೆಯ ಮಾಹಿತಿ ಇಡುವ ತಾಣವಾದ ಜೆನೋಡೋದಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟೆ. ಆ ನಾಲ್ಕೂ ಗುಂಪಿನವರು ಬಳಸಿದ್ದು ಈ ಭಾಗವನ್ನೇ. ಮಧ್ಯೆ ಒಬ್ಬರು ಫೋನ್ ಮಾಡಿ, ನೀವು ನನ್ನ ಪೇಪರಿನ ಸೈಟೇಶನ್ ಹಾಕಿ, ನಾನು ನಿಮ್ಮದನ್ನು ಹಾಕ್ತೀನಿ ಎಂದರು. ಆಗಲ್ಲ ಎಂದೆ.

ಆ ನಾಲ್ವರಲ್ಲಿ ಒಂದು ಗುಂಪಿನವರಿಗೆ ಬೂದಿ ನನ್ನಷ್ಟು ಬೆಳ್ಳಗೆ ಬಂದಿಲ್ಲ. ಹಾಗೆಂದು ನೇರವಾಗಿ ಬರೆದಿದ್ದಾರೆ. ನನ್ನ ಪೇಪರ್ ಮತ್ತೆ ಓದಿದೆ. ಕಾವು ಬರೆದಿದ್ದೇನೆ, ಗಂಟೆ ಬರೆದಿದ್ದೇನೆ. ಬಟ್ಟಲಿನಲ್ಲಿ ಹೊಟ್ಟು ಎಷ್ಟು ದಪ್ಪ ಹರಡಿದ್ದೆ ಎಂಬುದನ್ನು ಬಿಟ್ಟಿದ್ದೇನೆ. ದಪ್ಪ ಇದ್ದರೆ ತಳಕ್ಕೆ ಗಾಳಿ ಹೋಗದು, ಇಂಗಾಲ ಉಳಿಯುತ್ತದೆ. ಅವರಿಗೆ ಇಮೇಲ್ ಬರೆದು ನನ್ನ ತಪ್ಪು ಹೇಳಿದೆ. ಈಗ ಒಂದು, ಎರಡು, ಮೂರು ಸೆಂಟಿಮೀಟರ್ ದಪ್ಪಕ್ಕೆ ಹರಡಿ ಸುಡುತ್ತಿದ್ದೇನೆ. ನಿನ್ನೆ ಮೂರು ಸೆಂಟಿಮೀಟರಿನದನ್ನು ಹೊರಗೆ ತೆಗೆದೆ. ಮೇಲೆ ಬೆಳ್ಳಗಿತ್ತು, ಚಮಚದಿಂದ ಕೆದಕಿದರೆ ತಳದಲ್ಲಿ ಕಪ್ಪು.