ಕೆಂಪುಕಲ್ಲು ಗುಡ್ಡೆಯಲ್ಲಿ ಟ್ರಯಲ್ಸ್ ಕಲಿಯೋದು ಹೇಗೆ: ಕಾಲು ನೆಲಕ್ಕೆ ಇಡದೆ

ಆಫ್‌ರೋಡ್ ಅಂದ ಕೂಡ್ಲೇ ನಮ್ಮ ಮಂಗ್ಳೂರು ಉಡುಪಿ ಹುಡುಗ್ರ ತಲೆಗೆ ಬರೋದು ಧೂಳೆಬ್ಬಿಸಿ ಹಾರೋದು, ಹಿಂದಿನ ಟೈರ್ ಜಾರಿಸಿ ತಿರುಗಿಸೋದು. ಟ್ರಯಲ್ಸ್ ಅದಲ್ಲ ಮಾರಾಯ್ರೆ. ಇದ್ರಲ್ಲಿ ನಡ್ಕೊಂಡು ಹೋಗುವ ಸ್ಪೀಡಲ್ಲಿ, ಒಬ್ಬ ಮನುಷ್ಯ ಕೈ ಊರಿ ಹತ್ತುವಂಥ ಕಲ್ಲಿನ ಮೇಲೆ ಬೈಕ್ ಹತ್ತಿಸ್ಬೇಕು, ಕಾಲು ಮಾತ್ರ ಫುಟ್‌ರೆಸ್ಟ್ ಬಿಟ್ಟು ಕೆಳಗೆ ಬರ್ಬಾರ್ದು. ಅದಕ್ಕೆ ದೊಡ್ಡ ಇಂಜಿನ್ ಬೇಡ, ಟ್ರ್ಯಾಕ್ ಬೇಡ, ನಮ್ಮ ಊರಿನ ಒಂದು ಮುರಕಲ್ಲಿನ, ಅಂದ್ರೆ ಕೆಂಪುಕಲ್ಲಿನ, ಗುಡ್ಡೆ ಸಾಕು.

ಲೆಕ್ಕ ಹೀಗುಂಟು. ದಾರಿಯಲ್ಲಿ ಟೇಪ್ ಕಟ್ಟಿದ ಸಣ್ಣ ಸಣ್ಣ ಜಾಗ ಇರ್ತದೆ, ಅದಕ್ಕೆ ಸೆಕ್ಷನ್ ಅಂತಾರೆ, ಪ್ರತಿ ಸೆಕ್ಷನಲ್ಲೂ ಒಬ್ಬ ಅಬ್ಸರ್ವರ್, ಅಂದ್ರೆ ಕಾಲು ಇಟ್ಟದ್ದನ್ನು ಲೆಕ್ಕ ಹಾಕುವವ, ನಿಂತಿರ್ತಾನೆ. ಕಾಲು ಒಮ್ಮೆಯೂ ಇಡದೆ ಹೊರಗೆ ಬಂದ್ರೆ ಸೊನ್ನೆ, ಅದಕ್ಕೆ ಕ್ಲೀನ್ ಅನ್ನೋದು. ಒಮ್ಮೆ ಇಟ್ರೆ 1, ಎರಡು ಸಲ ಇಟ್ರೆ 2, ಮೂರು ಅಥವಾ ಎಷ್ಟು ಸಲ ಇಟ್ರೂ 3. ಬಿದ್ರೆ, ಟೇಪ್ ದಾಟಿದ್ರೆ, ಇಂಜಿನ್ ಆಫ್ ಆಗಿ ಕಾಲೂರಿದ್ರೆ 5. ಕೊನೆಗೆ ಯಾರದ್ದು ಕಡಿಮೆ ಅವ ಗೆದ್ದ. ನಡುವೆ ನಿಲ್ಬಹುದಾ ಇಲ್ವಾ ಅನ್ನೋ ರೂಲು ಆಗಾಗ ಬದಲಾಗ್ತಾ ಇರ್ತದೆ, ಕಲಿಯುವಾಗ ಅದರ ತಲೆಬಿಸಿ ಬೇಡ.

ಇದರ ತವರು ಬ್ರಿಟನ್. ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಅಂತ 1909ರಲ್ಲಿ ಬೇರು ಬಿಟ್ಟದ್ದು ಇವತ್ತಿಗೂ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಊರಿನ ಸುತ್ತಮುತ್ತ ನಡೀತದೆ, ಆರು ದಿನ, ಮಳೆ ಬರ್ಲಿ ಕೆಸರು ಇರ್ಲಿ. 1950ರ ದಶಕದಲ್ಲಿ ಜಾನಿ ಬ್ರಿಟನ್ ಎಂಬವ ಅದನ್ನು ಗೆದ್ದದ್ದು ರಾಯಲ್ ಎನ್‌ಫೀಲ್ಡಲ್ಲಿ. ಆಮೇಲೆ 1965ರಲ್ಲಿ ಸ್ಯಾಮಿ ಮಿಲ್ಲರ್ ಎಂಬವ ಸ್ಪೇನಿನ ಬುಲ್ಟಾಕೋ ಕಂಪೆನಿಯ ಹಗುರದ ಟೂ ಸ್ಟ್ರೋಕ್ ತಗೊಂಡು ಗೆದ್ದದ್ದೇ, ಭಾರದ ಬೈಕಿನ ಕಾಲ ಮುಗೀತು. ಈಗ ಸ್ಪೇನಿನ ಟೋನಿ ಬೌ, 2007ರಿಂದ ವರ್ಲ್ಡ್ ಚಾಂಪಿಯನ್. ಅವನ ವಿಡಿಯೋ ನೋಡಿ, ಖುಷಿ ಪಡಿ, ಆದ್ರೆ ಅದನ್ನು ನೋಡಿ ಕಲೀಲಿಕ್ಕೆ ಹೋಗ್ಬೇಡಿ, ಅದು ಬೇರೆ ಲೋಕ.

ಬೈಕಿನ ವಿಷಯ. ಅಸಲಿ ಟ್ರಯಲ್ಸ್ ಬೈಕು, ಅಂದ್ರೆ ಮೊಂಟೆಸಾ, ಗ್ಯಾಸ್‌ಗ್ಯಾಸ್, ಬೀಟಾ, ಶೆರ್ಕೋ, ಇವೆಲ್ಲ ಹೆಚ್ಚುಕಮ್ಮಿ 70 ಕಿಲೋ ತೂಕ, ಸೀಟೇ ಇಲ್ಲ ಅಂತ ಹೇಳ್ಬಹುದು. ನಮ್ಮ ಶೋರೂಮಿಗೆ ಹೋಗಿ ತರುವ ಸಾಮಾನಲ್ಲ. ನಮಗೆ ಸಿಗೋದ್ರಲ್ಲಿ ಸೆಕೆಂಡ್ ಹ್ಯಾಂಡ್ ಹೀರೋ ಇಂಪಲ್ಸ್ ಒಳ್ಳೇದು, ಎಕ್ಸ್‌ಪಲ್ಸ್ 200 ಆಗ್ತದೆ ಆದ್ರೆ ಅದು ಒಂದೂವರೆ ಕ್ವಿಂಟಾಲ್ ಮೀರ್ತದೆ, ಮನೆ ಹಿಂದೆ ಹಳೇ ಆರ್‌ಎಕ್ಸ್ 100 ಬಿದ್ದಿದ್ರೆ ಅದೂ ಆಗ್ತದೆ, ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ನೆಲದಿಂದ ಬೈಕಿನ ಅಡಿಗೆ ಇರುವ ಎತ್ತರ, ಕಮ್ಮಿ ಅಷ್ಟೆ. 2019ರಲ್ಲಿ ಬಂದ ಬುಲೆಟ್ ಟ್ರಯಲ್ಸ್ ಹೆಸರಿಗೆ ಮಾತ್ರ ಟ್ರಯಲ್ಸ್, 180 ಕಿಲೋ ಮೀರಿದ್ದನ್ನು ಕಲ್ಲಿನ ಎಡೆಯಿಂದ ನಾಲ್ಕು ಸಲ ಎತ್ತಿ ನಿಲ್ಸಿದ್ರೆ ಆ ದಿನದ ಪ್ರಾಕ್ಟೀಸ್ ಮುಗೀತು.

ಬೈಕಿಗೆ ಖರ್ಚು ಮಾಡ್ಲಿಕ್ಕೆ ಹೆಚ್ಚೇನಿಲ್ಲ. ಚೈನ್ ತಿರುಗಿಸುವ ಮುಂದಿನ ಹಲ್ಲಿನ ಚಕ್ರ, ಅಂದ್ರೆ ಸ್ಪ್ರಾಕೆಟ್, ಒಂದು ಹಲ್ಲು ಕಮ್ಮಿಯದ್ದು ಹಾಕಿಸಿ, ಫಸ್ಟ್ ಗೇರ್ ಇನ್ನೂ ನಿಧಾನ ಆಗ್ತದೆ. ಕಲ್ಲು ಬಡಿಯದ ಹಾಗೆ ಇಂಜಿನ್ ಅಡಿಗೆ ದಪ್ಪ ತಗಡು, ಅದಕ್ಕೆ ಬ್ಯಾಶ್ ಪ್ಲೇಟ್ ಅಂತಾರೆ. ಫುಟ್‌ರೆಸ್ಟಿನ ರಬ್ಬರ್ ತೆಗೀರಿ, ಹಲ್ಲಿರುವ ಕಬ್ಬಿಣ ಶೂ ಹಿಡೀಬೇಕು. ಕ್ಲಚ್, ಬ್ರೇಕ್ ಲಿವರ್ ಎರಡನ್ನೂ ನಿಂತಾಗ ಕೈ ನೇರ ಇರುವ ಹಾಗೆ ಸ್ವಲ್ಪ ಕೆಳಗೆ ತಿರುಗಿಸಿ, ಕ್ಲಾಂಪ್ ತೀರಾ ಬಿಗಿ ಬೇಡ, ಬಿದ್ದಾಗ ತಿರುಗಿದ್ರೆ ಲಿವರ್ ಉಳೀತದೆ. ಟೈರ್ ಗಾಳಿ: ಅಸಲಿ ಟ್ರಯಲ್ಸ್ ಟೈರಿಗೆ 4-5 ಪಿಎಸ್ಐ ಮಾತ್ರ ಇಡ್ತಾರೆ, ನಮ್ಮ ಟ್ಯೂಬ್ ಟೈರಲ್ಲಿ ಅಷ್ಟು ಇಳಿಸಿದ್ರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಕಚ್ತದೆ, ಇಲ್ಲಾ ವಾಲ್ವೇ ಕಿತ್ತು ಬರ್ತದೆ, ಹಾಗಾಗಿ 12ರಿಂದ 15 ಸಾಕು. ಹೆಲ್ಮೆಟ್, ಮೊಣಕಾಲು ಗಾರ್ಡ್, ಗ್ಲೌಸ್, ಪಾದದ ಗಂಟು ಮುಚ್ಚುವ ಬೂಟು. ಚಪ್ಪಲಿಯಲ್ಲಿ ಬಂದವನನ್ನು ಮನೆಗೆ ಕಳ್ಸಿ.

ಈಗ ಜಾಗ. ಒಣಗಿದ ಮುರಕಲ್ಲು ಟೈರನ್ನು ಭಾರಿ ಚಂದ ಹಿಡೀತದೆ, ಮೈ ತಾಗಿದ್ರೆ ಚರ್ಮವನ್ನೂ ಹಾಗೇ ಹಿಡೀತದೆ. ಅದೇ ಕಲ್ಲು ಜೂನಲ್ಲಿ ಪಾಚಿ ಕಟ್ಟಿದ ಮೇಲೆ ನಡೀಲಿಕ್ಕೇ ಆಗೋದಿಲ್ಲ, ಬೈಕ್ ಬಿಡಿ. ಕಲೀಲಿಕ್ಕೆ ದೀಪಾವಳಿ ಕಳೆದ ಮೇಲೆ ಶುರು ಮಾಡಿ. ಆಗ ಮುಳಿಹುಲ್ಲು ಎದೆಯೆತ್ತರ ಇರ್ತದೆ, ಅದರಡಿಯಲ್ಲಿ ಕಲ್ಲು ಕಡಿದ ಗುಂಡಿ ಉಂಟಾ ಹಾವು ಉಂಟಾ ಗೊತ್ತಾಗೋದಿಲ್ಲ, ಮೊದ್ಲು ನಡ್ಕೊಂಡು ಹೋಗಿ ಕೋಲಲ್ಲಿ ಬಡಿದು ನೋಡಿ. ನೀರು ತುಂಬಿದ ಹಳೇ ಕಲ್ಲಿನ ಕೋರೆ ಹತ್ರ ಹೋಗ್ಲೇಬೇಡಿ, ಅಂಚು ನೇರ ಇಳೀತದೆ, ಆಳ ಕಾಣೋದಿಲ್ಲ.

ಮತ್ತೆ ಜಾಗದ ಧಣಿಗಳನ್ನು ಕೇಳದೆ ಒಳಗೆ ಕಾಲಿಡ್ಬೇಡಿ. ಹೆಚ್ಚಿನವರು ಬೇಡ ಅನ್ನೋದಿಲ್ಲ, ಗೇಟ್ ಹಾಕಿ ಹೋಗಿ, ದನ ಹೆದರಿಸ್ಬೇಡಿ ಅಂತಾರೆ ಅಷ್ಟೆ. ನಾಗಬನ, ದೈವದ ಕಟ್ಟೆ ಇದ್ರೆ ಅದರ ಹತ್ರ ಸೆಕ್ಷನ್ ಹಾಕ್ಲಿಕ್ಕಿಲ್ಲ, ಕೇಳುವ ಪ್ರಶ್ನೆಯೇ ಇಲ್ಲ. ಗದ್ದೆಯ ಕಟ್ಟಪುಣಿ, ಅಂದ್ರೆ ಬದುವಿನ ಮೇಲೆ ಬ್ಯಾಲೆನ್ಸ್ ಮಾಡುವ ಆಸೆ ಎಲ್ರಿಗೂ ಬರ್ತದೆ, ಅದು ಒಡೆದ್ರೆ ಕಟ್ಟುವವ ಬೇರೆ. ಬೀಚಲ್ಲಿ, ಘಟ್ಟದ ರಿಸರ್ವ್ ಫಾರೆಸ್ಟಲ್ಲಿ ಬೇಡ. ಸೈಲೆನ್ಸರ್ ತೆಗೆದು ಬೊಬ್ಬೆ ಹೊಡೆಸುವವರನ್ನು ಗುಂಪಿಗೆ ಸೇರಿಸ್ಲೇಬೇಡಿ, ನನ್ನ ಪ್ರಕಾರ ಊರವರು ಜಾಗ ಬಿಡದಿರೋದಕ್ಕೆ ಅರ್ಧ ಕಾರಣ ಆ ಶಬ್ದವೇ.

ಮೊದಲ ಕೆಲವು ವಾರ ಕಲ್ಲು ಮುಟ್ಬೇಡಿ, ಸಪಾಟು ಜಾಗ. ನಿಲ್ಲಿ, ಕೂತ್ರೆ ಟ್ರಯಲ್ಸ್ ಇಲ್ಲ. ಮೊಣಕಾಲು ಸ್ವಲ್ಪ ಬಗ್ಗಿರ್ಲಿ, ಭಾರ ಕೈಯಲ್ಲಿ ಅಲ್ಲ ಪಾದದಲ್ಲಿ, ಒಂದು ಬೆರಳು ಕ್ಲಚ್ಚಿಗೆ, ಒಂದು ಬೆರಳು ಬ್ರೇಕಿಗೆ. ಫಸ್ಟ್ ಗೇರಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿ ಸುತ್ತು ಹಾಕಿ. ತಿರುಗುವಾಗ ಬೈಕ್ ಒಳಗೆ ವಾಲ್ಬೇಕು, ನೀವು ಹೊರಗೆ, ಹೊರಗಿನ ಫುಟ್‌ರೆಸ್ಟ್ ಒತ್ತಿ. ರೋಡಲ್ಲಿ ಬೈಕ್ ಜತೆ ನಾವೂ ಒಳಗೆ ವಾಲಿ ಅಭ್ಯಾಸ, ಅದನ್ನು ಮರೀಲಿಕ್ಕೇ ಟೈಮ್ ಬೇಕು. ಇಂಜಿನ್ ಒಂದೇ ಸಮ ಓಡ್ತಾ ಇರ್ಲಿ, ಸ್ಪೀಡ್ ಕ್ಲಚ್ಚಲ್ಲಿ ಕಂಟ್ರೋಲ್ ಮಾಡಿ, ಹಿಂದಿನ ಬ್ರೇಕ್ ಸಣ್ಣಕ್ಕೆ ತಾಗಿಸ್ತಾ ಇರಿ. ಕ್ಲಚ್ ಪ್ಲೇಟ್ ಬೇಗ ಸವೀತದೆ, ಅದಕ್ಕೆ ಬೇಜಾರು ಬೇಡ.

ಆಮೇಲೆ ಒಂದು ತೆಂಗಿನ ಮರದ ತುಂಡು ತನ್ನಿ, ಉರುಳದ ಹಾಗೆ ಎರಡು ಬದಿಗೆ ಕಲ್ಲು ಕೊಡಿ. ಅದಕ್ಕೆ ನೇರ ಬನ್ನಿ, ಓರೆ ಬಂದ್ರೆ ಜಾರ್ತದೆ. ಮುಂದಿನ ಚಕ್ರ ಮುಟ್ಟುವ ಸ್ವಲ್ಪ ಮೊದ್ಲು ಮೊಣಕಾಲು ಬಗ್ಗಿಸಿ ಫೋರ್ಕ್, ಅಂದ್ರೆ ಮುಂದಿನ ಶಾಕ್, ಒತ್ತಿ, ಅದು ವಾಪಸ್ ಏಳುವಾಗ್ಲೇ ಕ್ಲಚ್ ಬಿಡ್ತಾ ಸಣ್ಣ ಆಕ್ಸಿಲರೇಟರ್ ಕೊಡಿ, ಮುಂದಿನ ಚಕ್ರ ಹಗುರ ಆಗಿ ಮರದ ಮೇಲೆ ಕೂರ್ತದೆ. ಅಲ್ಲೇ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡೀರಿ. ಹೆಚ್ಚಿನವರು ಹಾಳಾಗೋದು ಇಲ್ಲೇ, ಹಿಂದಿನ ಚಕ್ರ ಮರ ಮುಟ್ಟುವಾಗ್ಲೂ ಎಳೀತಾ ಇರ್ತಾರೆ, ಅದು ಗಿರ್ರಂತ ತಿರುಗಿ ಬೈಕ್ ಬದಿಗೆ ಮಲಗ್ತದೆ. ಹಿಂದಿನ ಚಕ್ರ ಬಂದ ಓಟದಲ್ಲೇ ಹತ್ಬೇಕು, ನೀವು ಮೊಣಕಾಲು ಸಡಿಲ ಬಿಟ್ಟು ಸೀಟಿಗೆ ಎದ್ದು ಬರ್ಲಿಕ್ಕೆ ಜಾಗ ಕೊಡ್ಬೇಕು ಅಷ್ಟೆ.

ಇದು ಕೈಗೆ ಹತ್ತಿದ ಮೇಲೆ ಕಲ್ಲು. ಹಳೇ ಒಣ ಕೋರೆಯಲ್ಲಿ ಕಲ್ಲು ಕಡಿದ ಮೆಟ್ಟಿಲೇ ಇರ್ತದೆ, ಒಂದು ಗೇಣು ಎತ್ತರದ್ರಿಂದ ಶುರು ಮಾಡಿ, ಎಕ್ಸ್‌ಪಲ್ಸಿನ ಗ್ರೌಂಡ್ ಕ್ಲಿಯರೆನ್ಸೂ 220 ಮಿಲಿಮೀಟರ್ ಅಂದ್ರೆ ಹತ್ತಿರ ಹತ್ತಿರ ಅಷ್ಟೇ. ಮೆಟ್ಟಿಲಿನ ಬುಡದಲ್ಲಿ ಉರುಟು ಜಲ್ಲಿ ಬಿದ್ದಿದ್ರೆ ಕಾಲಲ್ಲಿ ಸರಿಸಿ. ಏರಲ್ಲಿ ಅರ್ಧಕ್ಕೆ ನಿಂತ್ರೆ ಬೈಕ್ ಗೇರಲ್ಲೇ ಇರ್ಲಿ, ಇಂಜಿನ್ ಆಫ್ ಮಾಡಿ, ಮುಂದಿನ ಬ್ರೇಕ್ ಹಿಡಿದು ಕ್ಲಚ್ ಲಿವರ್ ಸ್ವಲ್ಪ ಸ್ವಲ್ಪ ಒತ್ತುತ್ತಾ ಹಿಂದೆ ಇಳಿಸಿ. ಕೈ ಮೀರಿತು ಅಂತ ಕಂಡ್ರೆ ಬೈಕ್ ಬಿಟ್ಟು ಮೇಲಿನ ಬದಿಗೆ ಹಾರಿ, ಕೆಳಗಿನ ಬದಿಗಲ್ಲ.

ನಾಲ್ಕು ಜನ ಆದ್ರೆ ಸೆಕ್ಷನ್ ಹಾಕ್ಬಹುದು, ಎರಡು ಬದಿಗೆ ಹಗ್ಗ, ಇಲ್ಲಾ ಸುಣ್ಣದ ಹುಡಿಯಲ್ಲಿ ಗೆರೆ. ಬೈಕ್ ಹತ್ತುವ ಮೊದ್ಲು ಎಲ್ರೂ ಒಟ್ಟಿಗೆ ನಡ್ಕೊಂಡು ನೋಡ್ಬೇಕು, ಎಲ್ಲಿ ತಿರುಗೋದು, ಎಲ್ಲಿ ಕ್ಲಚ್ ಬಿಡೋದು. ಟ್ರಯಲ್ಸಲ್ಲಿ ನನಗೆ ಅತಿ ಇಷ್ಟದ ಹೊತ್ತು ಇದೇ, ತಾನು ಹೋಗುವ ಲೈನ್, ಅಂದ್ರೆ ದಾರಿ, ಯಾರೂ ಮುಚ್ಚಿಡೋದಿಲ್ಲ, ಸೋಲಿಸ್ಬೇಕಾದವನಿಗೇ ಆ ಬೇರಿನ ಎಡದಿಂದ ಹೋಗು ಅಂತ ಹೇಳಿ ಕೊಡ್ತಾರೆ. ನಿಮ್ಮ ಸರದಿ ಮುಗಿದ್ರೆ ಮೊಬೈಲ್ ಹಿಡ್ಕೊಂಡು ಕೂರ್ಬೇಡಿ, ಕಷ್ಟದ ಕಲ್ಲಿನ ಹತ್ರ ನಿಂತು ಬೀಳುವವನ ಬೈಕ್ ಹಿಡೀಲಿಕ್ಕೆ ತಯಾರಿರಿ. ಅಬ್ಸರ್ವರ್ ಕೆಲಸ ಸರದಿ ಪ್ರಕಾರ ಎಲ್ರೂ ಮಾಡ್ಬೇಕು, ಅವ "ಅಣ್ಣ, ಕಾಲು ತಾಗಿತು" ಅಂದ್ರೆ ತಾಗಿತು. ಜಗಳ ಬೇಕಿದ್ರೆ ಆಮೇಲೆ ಗೋಳಿಬಜೆ ತಿನ್ನುವಾಗ ಮಾಡಿ.

ಮನೆಗೆ ಹೊರಡುವ ಮೊದ್ಲು ಸ್ಪೋಕ್ಸ್ ಒಂದೊಂದೇ ಬೆರಳಲ್ಲಿ ಅಲ್ಲಾಡಿಸಿ ನೋಡಿ, ಲಿವರ್, ಚೈನ್ ನೋಡಿ. ಕೆಂಪು ಹುಡಿ ಏರ್ ಫಿಲ್ಟರಲ್ಲಿ ತುಂಬಿರ್ತದೆ, ಅವತ್ತೇ ರಾತ್ರಿ ತೊಳೆದು ಬಿಡಿ. ಟೈರಿಗೆ ಮಾತ್ರ ಅಲ್ಲೇ ಕೈಪಂಪಲ್ಲಿ ಗಾಳಿ ಹಾಕಿ, 12 ಪಿಎಸ್ಐಯಲ್ಲಿ ನ್ಯಾಷನಲ್ ಹೈವೇ 66 ಹತ್ಲಿಕ್ಕಿಲ್ಲ.