ಮೊಟ್ಟೆಯ ಮೇಲೆ ಹೊರಿಸಿದ ತಪ್ಪು

ಮಗಳಿಗೆ ಹದಿನಾಲ್ಕು ತಿಂಗಳಾಗಿದ್ದಾಗ ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ಒರಟಾದ ಕೆಂಪು ಪಟ್ಟೆಯೊಂದು ಎದ್ದಿತು. ಮುಲಾಮು ಹಚ್ಚಿದರೆ ನಾಲ್ಕು ದಿನ ಅಡಗುತ್ತಿತ್ತು, ಐದನೆಯ ದಿನ ಮತ್ತೆ ಹಾಜರು. ಜೊತೆಗೆ ವಾರದಲ್ಲಿ ಮೂರು ದಿನವಾದರೂ ಡಯಾಪರಿನಲ್ಲಿ ಲೋಳೆ ಬೆರೆತ ಸಡಿಲ ಮಲ, ರಾತ್ರಿ ಎರಡು ಗಂಟೆಗೆ ಕಾಲುಗಳನ್ನು ಹೊಟ್ಟೆಗೆ ಒತ್ತಿಕೊಂಡು ಅಳು. ಹಗಲು ಹೊತ್ತಿನಲ್ಲಿ ಚೆನ್ನಾಗಿಯೇ ಆಡುತ್ತಿದ್ದಳು, ತೂಕವೂ ಏರುತ್ತಿತ್ತು. ಒಂದು ಬೆಳಿಗ್ಗೆ ಡಯಾಪರು ಬದಲಿಸುವಾಗ ಹಿಂದಿನ ದಿನ ಆಮ್ಲೆಟ್ ತಿಂದದ್ದು ನೆನಪಾಯಿತು. ನನಗೆ ಅಷ್ಟು ಸಾಕಾಯಿತು. ಮೊಟ್ಟೆಯನ್ನು ಮನೆಯಿಂದಲೇ ಗಡೀಪಾರು ಮಾಡಿದೆ.

ಹತ್ತು ದಿನ ಚರ್ಮ ತಿಳಿಯಾಗಿತ್ತು. ನಾನು ಬೀಗಿದೆ. ಹನ್ನೊಂದನೆಯ ದಿನ ಪಟ್ಟೆ ಮರಳಿತು. ಆಗ ಟೊಮೆಟೊ ಮೇಲೆ ಕಣ್ಣು ಬಿತ್ತು, ಏಕೆಂದರೆ ಅದನ್ನು ತಿಂದ ಕೂಡಲೇ ಬಾಯಿಯ ಸುತ್ತ ಕೆಂಪಾಗುತ್ತಿತ್ತು. (ಹುಳಿ ತಾಗಿದ ಎಳೆಯ ಚರ್ಮ ಕೆಂಪಾಗುವುದು ಅಲರ್ಜಿಯಲ್ಲ, ಒರೆಸಿದರೆ ಅರ್ಧ ಗಂಟೆಯಲ್ಲಿ ಮಾಯವಾಗುತ್ತದೆ ಎಂಬುದು ಆಮೇಲೆ ತಿಳಿಯಿತು.) ಅನಂತರ ಕಿತ್ತಳೆ, ಅದಾದ ಮೇಲೆ ಯಾಕೋ ಶೇಂಗಾ. ಎರಡು ತಿಂಗಳಲ್ಲಿ ಮಗುವಿನ ತಟ್ಟೆ ಬರಿದಾಗುತ್ತ ಬಂತು, ಪಟ್ಟೆ ಮಾತ್ರ ಇದ್ದಲ್ಲೇ ಇತ್ತು. ಹಿತೈಷಿಗಳ ತೀರ್ಪು ಬೇರೆ: "ಇನ್ನೂ ಎದೆಹಾಲು ಯಾಕೆ? ನಿನ್ನ ಹಾಲೇ ಅವಳಿಗೆ ಒಗ್ಗುತ್ತಿಲ್ಲ." ರಾತ್ರಿ ಎರಡು ಗಂಟೆಗೆ ಆ ಮಾತು ನಿಜವೇ ಇರಬೇಕು ಎನ್ನಿಸುತ್ತಿತ್ತು.

ಮಕ್ಕಳ ವೈದ್ಯರು ಮೊದಲು ಕೇಳಿದ್ದು ನಾನು ಎಣಿಸದ ಪ್ರಶ್ನೆಗಳನ್ನು. ತಿಂದ ಕೆಲವೇ ನಿಮಿಷಗಳಲ್ಲಿ ಮೈಮೇಲೆ ಪಿತ್ತಗಂದೆ ಎದ್ದಿದೆಯೇ? ತುಟಿ, ಕಣ್ಣು ಊದಿಕೊಂಡಿವೆಯೇ? ಉಸಿರಾಟ ಗೊರಗೊರ ಎಂದಿದೆಯೇ? ತಿಂದು ಒಂದರಿಂದ ನಾಲ್ಕು ಗಂಟೆಯೊಳಗೆ ಮತ್ತೆ ಮತ್ತೆ ವಾಂತಿಯಾಗಿ, ಬಿಳಚಿಕೊಂಡು, ಸುಸ್ತಾಗಿ ಬಿದ್ದಿದ್ದಾಳೆಯೇ? ಮಲದಲ್ಲಿ ರಕ್ತ? ಎಲ್ಲಕ್ಕೂ ಇಲ್ಲ ಎಂದೆ. ಇವುಗಳಲ್ಲಿ ಒಂದಕ್ಕೆ ಹೌದು ಎಂದಿದ್ದರೂ ಮನೆಯಲ್ಲಿ ಪ್ರಯೋಗ ಮಾಡುವ ಮಾತೇ ಇರಲಿಲ್ಲ. ಉಸಿರಾಟದ ತೊಂದರೆಯಾದರೆ ನೋಟ್‌ಬುಕ್ ಹುಡುಕುವುದಲ್ಲ, ಆಸ್ಪತ್ರೆಗೆ ಓಡುವುದು.

ರಕ್ತಪರೀಕ್ಷೆ ಮಾಡಿಸಿ ಎಂದು ನಾನೇ ದುಂಬಾಲು ಬಿದ್ದೆ. ಅವರು ಒಪ್ಪಲಿಲ್ಲ. ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯವನ್ನು ಹುಡುಕುವ ಪರೀಕ್ಷೆ ನೆರವಾಗುವುದು ಕೂಡಲೇ ಎರಗುವ ಅಲರ್ಜಿಯ ಪತ್ತೆಗೆ. ಒಂದೆರಡು ದಿನ ತಡೆದು ಕರುಳಿನಲ್ಲಿ, ಚರ್ಮದಲ್ಲಿ ತೋರುವ ಬಗೆಯನ್ನು ಅದು ಹಿಡಿಯದು. ಐಜಿಜಿ ಎಂಬ ಇನ್ನೊಂದು ಪ್ರತಿಕಾಯದ ದುಬಾರಿ ಪರೀಕ್ಷೆಯಂತೂ ಮಗು ಆ ಆಹಾರವನ್ನು ತಿಂದಿದೆ ಎಂಬುದನ್ನಷ್ಟೇ ಹೇಳುತ್ತದೆ, ಅದು ನನಗೆ ಮೊದಲೇ ಗೊತ್ತಿತ್ತು. ಬಿಟ್ಟದ್ದನ್ನೆಲ್ಲ ಮತ್ತೆ ಕೊಡಿ, ಮೂರು ವಾರ ಬರೆದಿಡಿ ಎಂದರು. ಶೇಂಗಾ ಬಿಡಿಸಿದ್ದಕ್ಕೆ ಸಣ್ಣಗೆ ಗದರಿದರು ಕೂಡ. 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ ಕೂಸುಗಳಿಗೆ ಬೇಗನೆ ಶೇಂಗಾ ತಿನ್ನಿಸಲು ಆರಂಭಿಸಿದ್ದರಿಂದಲೇ ಐದನೆಯ ವರ್ಷದ ಹೊತ್ತಿಗೆ ಶೇಂಗಾ ಅಲರ್ಜಿ ಬಹಳ ಕಡಿಮೆಯಾಗಿತ್ತು. ಒಗ್ಗುತ್ತಿರುವ ಆಹಾರವನ್ನು ಸುಮ್ಮನೆ ಬಿಡಿಸಿದರೆ ಒಗ್ಗುವ ಗುಣವನ್ನೇ ಕಳೆದುಕೊಳ್ಳಬಹುದು. ಹೊರಡುವಾಗ ಒಂದು ಪ್ರಶ್ನೆ: "ಅವಳು ಏನು ತಿಂದಳು ಎಂದು ಹೇಳಿದಿರಿ. ನೀವು ಏನು ತಿಂದಿರಿ?"

ನೋಟ್‌ಬುಕ್ ಒಂದಲ್ಲ, ಎರಡು ಇಟ್ಟೆವು. ಇದು ನನ್ನ ಗಂಡನ ಸಲಹೆ, ಹೊಗಳಲೇಬೇಕು. ನನ್ನದರಲ್ಲಿ ಊಟ: ಎಡಪುಟ ಅವಳದು, ಬಲಪುಟ ನನ್ನದು, ಅಡಿಯಲ್ಲಿ ಜ್ವರ, ನೆಗಡಿ, ಹುಟ್ಟುತ್ತಿರುವ ಹಲ್ಲು, ಕುಡಿಸಿದ ಔಷಧ. ಅವರದರಲ್ಲಿ ಲಕ್ಷಣ ಮಾತ್ರ: ಚರ್ಮಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ, ಮಲ ಹೇಗಿತ್ತು, ರಾತ್ರಿ ಎಷ್ಟು ಸಲ ಎದ್ದಳು. ಪ್ರತಿ ಸಂಜೆ ಅದೇ ಕಿಟಕಿಯ ಬಳಿ ಮೊಣಕಾಲಿನ ಒಂದು ಫೋಟೋ. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ತೆರೆಯುವಂತಿಲ್ಲ. ಮೊಟ್ಟೆ ಕೊಟ್ಟ ದಿನ ನನ್ನ ಕಣ್ಣಿಗೆ ಇಲ್ಲದ ಕೆಂಪೂ ಕಾಣುತ್ತಿತ್ತು. ಅವರಿಗೆ ಅಂದು ಏನು ಕೊಟ್ಟೆ ಎಂಬುದೇ ಗೊತ್ತಿರಲಿಲ್ಲವಾದ್ದರಿಂದ ಕಂಡದ್ದನ್ನು ಬರೆದರು.

ಮೂರು ವಾರದ ನಂತರ ಎರಡನ್ನೂ ನೆಲದ ಮೇಲೆ ಹರಡಿಕೊಂಡು ಕುಳಿತೆವು. ಕೆಟ್ಟ ದಿನದಿಂದ ಹಿಂದಕ್ಕೆ ಒಂದು ದಿನವಲ್ಲ, ಮೂರು ದಿನ ನೋಡಬೇಕೆಂದು ವೈದ್ಯರು ಹೇಳಿದ್ದರು. ಮೊಟ್ಟೆ ಏಳು ಸಲ ಇತ್ತು. ನಾಲ್ಕು ಸಲ ಏನೂ ಆಗಿರಲಿಲ್ಲ, ಮೂರು ಸಲ ಎರಡು ಅಂಕದ ಪಟ್ಟೆ ಮತ್ತು ಲೋಳೆ. ಇದೆಂಥ ಲೆಕ್ಕ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಗಂಡ ನನ್ನ ಅಕ್ಷರದ ಮೇಲೆ ಬೆರಳಿಟ್ಟರು. ಏನೂ ಆಗದ ನಾಲ್ಕೂ ಸಲ "ಬೇಯಿಸಿದ ಮೊಟ್ಟೆ" ಎಂದಿತ್ತು. ಉಳಿದ ಮೂರು ಸಲ "ಆಮ್ಲೆಟ್". ನಾನು ಆಮ್ಲೆಟ್ಟಿಗೆ ಮೊಟ್ಟೆಯನ್ನು ಕಲಕುವಾಗ ಎರಡು ಚಮಚ ಹಾಲು ಹಾಕುತ್ತೇನೆ, ಬೆಣ್ಣೆಯಲ್ಲಿ ಬೇಯಿಸುತ್ತೇನೆ, ಮೇಲೆ ಚೀಸ್ ತುರಿಯುತ್ತೇನೆ.

ಹಸುವಿನ ಹಾಲು ಅಲ್ಲಿಯವರೆಗೆ ನಮ್ಮ ಸಂಶಯದ ಪಟ್ಟಿಯಲ್ಲೇ ಇರಲಿಲ್ಲ. ಲೋಟದಲ್ಲಿ ಕೊಟ್ಟ ಹಾಲನ್ನು ಅವಳು ತುಟಿಗೂ ಮುಟ್ಟಿಸುತ್ತಿರಲಿಲ್ಲ. ಆದ್ದರಿಂದ ಇವಳು ಎದೆಹಾಲು ಬಿಟ್ಟು ಬೇರೆ ಹಾಲು ಕುಡಿಯುವವಳಲ್ಲ ಎಂದು ಮನೆಮಂದಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಎಡಪುಟ ತಿರುವಿದರೆ ಬಿಸ್ಕತ್ತು, ಬ್ರೆಡ್ಡು, ಒಂದು ಚಮಚ ಮೊಸರು. ದಿನವೂ ಸ್ವಲ್ಪ ಸ್ವಲ್ಪ. ದಿನವೂ ಇರುವುದು ಬರವಣಿಗೆಯಲ್ಲಿ ಎದ್ದು ಕಾಣುವುದಿಲ್ಲ, ಅದೇ ತೊಡಕು.

ಇಲ್ಲಿ ಒಂದು ವಾರ ಹಾಳು ಮಾಡಿದೆ. ಹಾಲು ಆಗುವುದಿಲ್ಲ ಎಂದರೆ ಲ್ಯಾಕ್ಟೋಸ್ ಆಗುವುದಿಲ್ಲ ಎಂದುಕೊಂಡು ಲ್ಯಾಕ್ಟೋಸ್ ತೆಗೆದ ಹಾಲು ತಂದೆ. ಲ್ಯಾಕ್ಟೋಸ್ ಸಕ್ಕರೆ, ನಮ್ಮ ಸಂಶಯ ಇದ್ದದ್ದು ಪ್ರೋಟೀನಿನ ಮೇಲೆ, ಅದು ಆ ಹಾಲಿನಲ್ಲೂ ಹಾಗೆಯೇ ಇರುತ್ತದೆ. ತಮಾಷೆಯೆಂದರೆ ಎದೆಹಾಲಿನಲ್ಲಿ ಹಸುವಿನ ಹಾಲಿಗಿಂತ ಹೆಚ್ಚು ಲ್ಯಾಕ್ಟೋಸ್ ಇದೆ, ಸುಮಾರು 7 ಶೇಕಡ; ತಾಯಿ ಏನು ತಿಂದರೂ ಬಿಟ್ಟರೂ ಅದು ಬದಲಾಗುವುದಿಲ್ಲ. ಆಡಿನ ಹಾಲಿಗೆ ಬದಲಾಯಿಸಿದರೂ ಉಪಯೋಗವಿಲ್ಲ, ಪ್ರೋಟೀನುಗಳು ಅಷ್ಟು ಹತ್ತಿರದ ನೆಂಟರು.

ನಾಲ್ಕು ವಾರ ಇಬ್ಬರಿಗೂ ಪಥ್ಯ. ಹಾಲು, ಮೊಸರು, ಬೆಣ್ಣೆ, ಚೀಸ್, ಪೊಟ್ಟಣದ ಮೇಲೆ ವೇ, ಕೇಸೀನ್ (ಎರಡೂ ಹಾಲಿನ ಪ್ರೋಟೀನುಗಳೇ), ಹಾಲಿನ ಪುಡಿ ಎಂದು ಬರೆದಿರುವ ಎಲ್ಲವೂ ಹೊರಗೆ. ವೈದ್ಯರು ನನಗೆ ಕ್ಯಾಲ್ಸಿಯಂ ಮತ್ತು ಡಿ ವಿಟಮಿನ್ ಬರೆದುಕೊಟ್ಟರು. ಲೋಳೆ ಹತ್ತು ದಿನಗಳಲ್ಲಿ ನಿಂತಿತು, ಪಟ್ಟೆ ಮಾಸಲು ಮೂರು ವಾರ ಹಿಡಿಯಿತು. ಮಲ ಮಾತ್ರ ಇನ್ನೂ ಸಡಿಲ, ಕ್ಯಾರೆಟ್ ತುಂಡುಗಳು ಹಾಕಿದ ಹಾಗೆಯೇ ಹೊರಬರುತ್ತಿದ್ದವು. ಅದರ ಕಾರಣ ನಾನೇ: ಹಾಲಿನ ಪದಾರ್ಥಗಳ ಜಾಗ ತುಂಬಲು ಸೇಬಿನ ರಸವನ್ನು ಧಾರಾಳವಾಗಿ ಕುಡಿಸುತ್ತಿದ್ದೆ. ಸೇಬು, ಪೇರ್ ಹಣ್ಣುಗಳಲ್ಲಿರುವ ಸಾರ್ಬಿಟಾಲ್ ಮತ್ತು ಫ್ರಕ್ಟೋಸ್ ಎಂಬ ಸಿಹಿ ಅಂಶಗಳು ಹೆಚ್ಚಾದರೆ ಮಕ್ಕಳ ಕರುಳು ನೀರೆಳೆದುಕೊಳ್ಳುತ್ತದೆ. ರಸ ನಿಲ್ಲಿಸಿ ಹಣ್ಣನ್ನೇ ಕೊಟ್ಟೆ, ಮೂರು ದಿನದಲ್ಲಿ ಸರಿಹೋಯಿತು.

ಎಲ್ಲ ನೆಟ್ಟಗಾದ ಮೇಲೆ ಮತ್ತೆ ಹಾಲು ಕೊಟ್ಟು ನೋಡಿ ಎಂದು ವೈದ್ಯರು ಹೇಳಿದಾಗ ನನಗೆ ಸಿಟ್ಟೇ ಬಂತು. ಆದರೆ ಅವಳ ಪಟ್ಟೆ ಇಸುಬು, ಅದು ತಾನಾಗಿಯೇ ಏರುವ, ಇಳಿಯುವ ಕಾಯಿಲೆ. ಮೊಟ್ಟೆ ಬಿಟ್ಟಾಗಲೂ ಹತ್ತು ದಿನ ಇಳಿದಿತ್ತಲ್ಲ. ಮೊದಲ ಸರದಿ ನನ್ನದು: ಅವಳಿಗೆ ಪಥ್ಯ ಮುಂದುವರಿಸಿ ನಾನೊಬ್ಬಳೇ ದಿನಕ್ಕೆರಡು ಲೋಟ ಹಾಲು ಕುಡಿಯಬೇಕು. ಯಾವ ದಿನದಿಂದ ಎಂದು ಗಂಡನಿಗೆ ಹೇಳಲಿಲ್ಲ. ಅವರು ಕಚೇರಿಗೆ ಹೊರಟ ಮೇಲೆ ಕಾಯಿಸಿ, ಲೋಟ ತೊಳೆದಿಟ್ಟುಬಿಡುತ್ತಿದ್ದೆ. ಎಂಟು ದಿನ. ಅವರ ಪುಸ್ತಕದಲ್ಲಿ ಸೊನ್ನೆ, ಸೊನ್ನೆ, ಒಂದು, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಆ ಒಂದು ಎಂಬುದು ಸೊಳ್ಳೆ ಕಡಿತ.

ನಂತರ ಅವಳಿಗೆ ಎರಡು ಚಮಚ ಮೊಸರು, ಮರುದಿನ ನಾಲ್ಕು. ಮೂರನೆಯ ಬೆಳಿಗ್ಗೆ ಡಯಾಪರಿನಲ್ಲಿ ಲೋಳೆ, ಸಂಜೆಗೆ ಮಡಿಕೆಯಲ್ಲಿ ಅದೇ ಪಟ್ಟೆ. ತೊಂದರೆ ಅವಳ ತಟ್ಟೆಯಿಂದ ಬರುತ್ತಿತ್ತು. ತಾಯಿ ಕುಡಿದ ಹಾಲಿನ ಪ್ರೋಟೀನ್ ಎದೆಹಾಲಿಗೆ ಇಳಿಯುವುದು ಅತ್ಯಲ್ಪ. ಅಷ್ಟಕ್ಕೇ ಕೆರಳುವ ಮಕ್ಕಳಿದ್ದಾರೆ, ನನ್ನ ಮಗಳು ಅವರಲ್ಲಿ ಒಬ್ಬಳಲ್ಲ. ಹಿತೈಷಿಗಳ ಮಾತಿಗೆ ಎದೆಹಾಲು ಬಿಡಿಸಿದ್ದರೆ ಅದರ ಬದಲಿಗೆ ಹಸುವಿನ ಹಾಲನ್ನೇ ಕಲಸಿ ಕುಡಿಸುತ್ತಿದ್ದೆ.

ಅಂದು ಸಂಜೆ ನಾಲ್ಕು ವಾರದ ಪಥ್ಯ ಮುಗಿದ ಖುಷಿಗೆ ಒಂದು ದೊಡ್ಡ ತುಂಡು ಚೀಸ್ ತಿಂದೆ, ಅಡುಗೆಮನೆಯಲ್ಲಿ ನಿಂತುಕೊಂಡೇ. ಮಗಳಿಗೆ ಆರು ತಿಂಗಳು ಹಾಲಿನ ಪದಾರ್ಥ ಬೇಡ, ಆಮೇಲೆ ಬಿಸ್ಕತ್ತಿನಂತೆ ಬೇಕ್ ಮಾಡಿದ ರೂಪದಿಂದ ಆರಂಭಿಸೋಣ ಎಂದರು ವೈದ್ಯರು. ಬಹಳಷ್ಟು ಮಕ್ಕಳು ಬೆಳೆಯುತ್ತ ಇದನ್ನು ದಾಟುತ್ತಾರೆ. ಕಳೆದ ವಾರ ಹಾಲಿನ ಪುಡಿ ಇರುವ ಅರ್ಧ ಬಿಸ್ಕತ್ತು ಕೊಟ್ಟೆವು. ಇಂದಿಗೆ ಆರು ದಿನ. ಗಂಡನ ಪುಸ್ತಕವನ್ನು ನಾನಿನ್ನೂ ತೆರೆದಿಲ್ಲ.